ಮೂಗು ಕಂಡರೆ ಸೀಟಿ

ನಮ್ಮ ಅತ್ತೆ ಟೀವಿಯಲ್ಲಿ ಸಿನಿಮಾ ನೋಡುವುದು ಕಥೆಗಾಗಿ ಅಲ್ಲ. ನಾಯಕಿ ಮಹಡಿಯ ಅಂಚಿಗೆ ಬಂದು ನಿಂತಳೆಂದರೆ, ಕುದುರೆ ಹತ್ತಿದಳೆಂದರೆ, ವಿಲನ್ ಅವಳ ಕಾರಿನ ಬ್ರೇಕಿಗೆ ಕೈ ಹಾಕಿದನೆಂದರೆ, ಸುಲಿಯುತ್ತಿದ್ದ ಬಟಾಣಿಯ ತಟ್ಟೆ ಪಕ್ಕಕ್ಕಿಟ್ಟು ಕನ್ನಡಕ ಏರಿಸಿಕೊಳ್ಳುತ್ತಾರೆ.

"ಬಿದ್ಲು, ಬಿದ್ಲು! ಅಗೋ, ಆ ಹಿಮ್ಮಡಿ ನೋಡಿ ಟೀಚರ್, ನಮ್ಮ ಸೊಸೇದೇ!"

ಟೀಚರ್ ಎಂದರೆ ಮೇಲಿನ ಮನೆಯವರು. ಮೂವತ್ತು ವರ್ಷ ಗಣಿತ ಕಲಿಸಿ ನಿವೃತ್ತರಾದವರು. ಪುರಾವೆ ಇಲ್ಲದೆ ಸೂರ್ಯ ಹುಟ್ಟಿದನೆಂದರೂ ಒಪ್ಪುವವರಲ್ಲ.

"ಹಿಮ್ಮಡಿ ಎಲ್ಲರಿಗೂ ಇರುತ್ತೆ."

"ಇಷ್ಟು ಒಡೆದಿರೋ ಹಿಮ್ಮಡಿ ಎಲ್ಲರಿಗೂ ಇರಲ್ಲ. ಎಣ್ಣೆ ಹಚ್ಚೇ, ಎಣ್ಣೆ ಹಚ್ಚೇ ಅಂತ ಬಡ್ಕೋತೀನಿ. ಕೇಳಿದ್ರೆ ತಾನೆ?"

"ಮುಖ ತೋರ್ಸಿ, ಒಪ್ಕೋತೀನಿ."

ಅಲ್ಲಿಗೆ ಅತ್ತೆ ಸೋಲುತ್ತಾರೆ. ಮುಖವೊಂದನ್ನು ಅವರು ತೋರಿಸಲಾರರು, ಏಕೆಂದರೆ ನಾನು ತೋರಿಸುವುದಿಲ್ಲ. ತೋರಿಸದೆ ಇರುವುದೇ ನನ್ನ ಕಸುಬು.

ನಾನು ಡ್ಯೂಪ್. ಅಂದರೆ ನಾಯಕಿಯ ಬದಲಿಗೆ ಬೀಳುವವಳು. ನಾಯಕಿ ಅಂಚಿಗೆ ಬಂದು ಕಣ್ಣರಳಿಸುತ್ತಾರೆ, ಕಟ್. ಅವರದೇ ಥರದ ಬಟ್ಟೆ, ಅವರದೇ ಥರದ ವಿಗ್ಗು ತೊಟ್ಟು ನಾನು ಬೀಳುತ್ತೇನೆ, ಕಟ್. ನಾಯಕಿ ದಪ್ಪ ಹಾಸಿಗೆಯ ಮೇಲೆ ಮಲಗಿ, ಹಣೆಗೆ ಕೆಂಪು ಬಣ್ಣ ಬಳಿಸಿಕೊಂಡು, ತುಟಿ ಕೆಡದ ಹಾಗೆ ನರಳುತ್ತಾರೆ. ಮೂರು ತುಂಡೂ ಸೇರಿ ಒಬ್ಬ ಧೈರ್ಯವಂತ ಹೆಂಗಸು. ಆ ಹೆಂಗಸಿನ ನಡುವಿನ ತುಂಡು ನಾನು.

ಇಪ್ಪತ್ತೆರಡು ವರ್ಷ ಹೀಗೆ ನಡುವಿನ ತುಂಡಾಗಿ ಬದುಕಿದ್ದೇನೆ, ಅದರಲ್ಲೂ ಹೆಚ್ಚಾಗಿ ಒಬ್ಬರದೇ. ಅವರನ್ನು ಊರೆಲ್ಲ ಮೇಡಂ ಎನ್ನುತ್ತದೆ, ನಾನೂ ಹಾಗೇ ಕರೆಯುತ್ತೇನೆ. ಸೇತುವೆಯಿಂದ ನೀರಿಗೆ ಹಾರಿದ ಸಿನಿಮಾಕ್ಕೆ ಮೇಡಂಗೆ ಪ್ರಶಸ್ತಿ ಬಂತು. ನನಗೆ ಕಿವಿಯಲ್ಲಿ ಕೀವು ಬಂತು.

ನಾನು ಈ ಲೋಕಕ್ಕೆ ಬಂದದ್ದು ನಟಿಯಾಗಲು. ಇದನ್ನು ಹೇಳಿದರೆ ನನ್ನ ಗಂಡ ಈಗಲೂ ನಗುತ್ತಾನೆ. ಅವನು ಲಿಫ್ಟ್ ರಿಪೇರಿ ಮಾಡುವವನು. "ನಾನು ಮೇಲಕ್ಕೆ ಕಳಿಸ್ತೀನಿ, ನೀನು ಕೆಳಕ್ಕೆ ಬರ್ತೀಯ, ನಮ್ಮ ಸಂಸಾರ ಸಮತೂಕವಾಗಿದೆ ಬಿಡು" ಎಂಬುದು ಅವನ ಹಳೆಯ ಹಾಸ್ಯ. ನನಗೆ ಸಿಕ್ಕ ಮೊದಲ ಪಾತ್ರದಲ್ಲಿ ಇದ್ದದ್ದು ಒಂದೇ ಮಾತು: "ಅಯ್ಯೋ, ಬೆಂಕಿ!" ನಾಲ್ಕು ದಿನ ಕನ್ನಡಿಯ ಮುಂದೆ ನಿಂತು ಅದನ್ನು ಹದಿನಾರು ಥರ ಹೇಳಿ ಅಭ್ಯಾಸ ಮಾಡಿದ್ದೆ. ಸೆಟ್ಟಿಗೆ ಹೋದಾಗ ಬೆಂಕಿಯನ್ನೇ ಕಥೆಯಿಂದ ತೆಗೆದುಹಾಕಿದ್ದರು.

ನಾನು ಅಳುತ್ತ ಗೇಟಿನ ಕಡೆ ಹೊರಟಿದ್ದೆ. ಅದೇ ಗೇಟಿನ ಬಳಿ ಸ್ಟಂಟ್ ಮಾಸ್ಟರ್ ತಲೆ ಮೇಲೆ ಕೈಹೊತ್ತು ಕೂತಿದ್ದರು. ಆಗೆಲ್ಲ ನಾಯಕಿಯರ ಬದಲಿಗೆ ಬೀಳುತ್ತಿದ್ದವರು ಗಂಡಸರೇ. ಮಾಸ್ಟರ ಶಿಷ್ಯನೊಬ್ಬ ಹಿಂದಿನ ಸಿನಿಮಾದಲ್ಲಿ ನಾಯಕಿಯ ಗೌನು ತೊಟ್ಟು ದಿಬ್ಬದಿಂದ ಉರುಳಿದ್ದ. ಗೌನು ಮೇಲೆ ಸರಿದು, ಬಟ್ಟೆ ಒಗೆಯುವ ಬ್ರಷ್ಷಿನಂಥ ಕಾಲು ಪರದೆಯ ತುಂಬ ಕಾಣಿಸಿಕೊಂಡಿತ್ತು. ನಾಯಕಿ ಸಾಯುವ ದೃಶ್ಯದಲ್ಲಿ ಥಿಯೇಟರು ಬಿದ್ದು ಬಿದ್ದು ನಕ್ಕಿತ್ತು. ಇನ್ನು ಮೇಲೆ ಹೆಂಗಸೇ ಬೇಕೆಂದು ನಿರ್ಮಾಪಕರು ಹಟ ಹಿಡಿದಿದ್ದರು.

ಮಾಸ್ಟರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಏನಮ್ಮಾ, ಬೀಳೋಕೆ ಬರುತ್ತಾ?"

"ಅಲ್ಲಿ ಇಲ್ಲಿ ಬಿದ್ದೇ ಇಲ್ಲೀ ತನಕ ಬಂದಿದೀನಿ ಸಾರ್."

ಮರುದಿನವೇ ಕೆಲಸಕ್ಕೆ ಸೇರಿದೆ. ಅವತ್ತೇ ಆ ಶಿಷ್ಯ, ಇನ್ನು ಹೆಣ್ಣಾಗುವ ತಾಪತ್ರಯ ತಪ್ಪಿತೆಂದು, ಮೀಸೆ ಬಿಡಲು ಶುರುಮಾಡಿದ. ಆ ಮೀಸೆ ಬೆಳೆದು, ಹುರಿಗೊಂಡು, ಕೊನೆಗೆ ಅವನ ಹೆಸರೇ ಆಯಿತು. ನನ್ನ ಕಸುಬಿಗೂ ಮೀಸೆಯ ಮೀಸೆಗೂ ಒಂದೇ ವಯಸ್ಸು.

ಬೀಳುವುದನ್ನು ಮಾಸ್ಟರು ಆಮೇಲೆ ಕಲಿಸಿದರು. ಮೊದಲು ಕಲಿಸಿದ್ದು ಮುಖ ಅಡಗಿಸುವುದನ್ನು. ಕ್ಯಾಮೆರಾ ಇರುವ ಜಾಗದಲ್ಲಿ ತಾವು ಸ್ಟೂಲು ಹಾಕಿ ಕೂರುತ್ತಿದ್ದರು. ಕುತ್ತಿಗೆಯಲ್ಲಿ ದಾರ, ದಾರದಲ್ಲಿ ಸೀಟಿ. "ಮೂಗು ಕಂಡ್ರೆ ಸೀಟಿ. ಸೀಟಿ ಹೊಡೆದ್ರೆ ಮತ್ತೆ ಮೊದಲಿಂದ." ಗದ್ದವನ್ನು ಭುಜಕ್ಕೆ ಒತ್ತಬೇಕು, ಕೂದಲನ್ನು ಕೆನ್ನೆಯ ಮೇಲೆ ಎಳೆದುಕೊಳ್ಳಬೇಕು, ಕ್ಯಾಮೆರಾ ಎಲ್ಲಿದೆಯೋ ಅದರ ಎದುರು ದಿಕ್ಕಿಗೆ ಮುಖ ಹೋಗಬೇಕು. ಇವೆಲ್ಲ ಗಾಳಿಯಲ್ಲಿರುವಾಗ ಆಗಬೇಕು. ಮೊದಲ ತಿಂಗಳು ನಮ್ಮ ಶೆಡ್ಡು ರೈಲ್ವೆ ಸ್ಟೇಷನ್ನಿನ ಹಾಗಿತ್ತು. ಮೂರನೆಯ ತಿಂಗಳ ಹೊತ್ತಿಗೆ ಸೀಟಿ ನಿಂತಿತು.

ಆಗ ಒಂದು ದಿನ ಮಾಸ್ಟರಿಗೆ ತಮಾಷೆ ಮಾಡುವ ಮನಸ್ಸಾಯಿತು. ನಾನು ಮೂಗಿನ ತುದಿಯೂ ಕಾಣದಂತೆ ಏಣಿಯಿಂದ ಬೀಳುತ್ತಿದ್ದಾಗ ಸುಮ್ಮನೆ ಸೀಟಿ ಊದಿದರು. ಸುಳ್ಳು ಸೀಟಿ! ನಾನು ಬೀಳುತ್ತಲೇ ತಿರುಗಿ ಅವರನ್ನು ನೋಡಿದೆ. ಹಾಗೆ ನೋಡಹೋಗಿ ಕಿವಿ ನೆಲಕ್ಕೆ ಉಜ್ಜಿ ಹರಿಯಿತು. ಎದ್ದವಳೇ ರಕ್ತ ಸುರಿಯುವ ಕಿವಿ ಹಿಡಿದುಕೊಂಡು ಜಗಳಕ್ಕೆ ನಿಂತೆ: "ಎಲ್ಲಿ ಕಾಣಿಸ್ತು ಸಾರ್ ನನ್ನ ಮೂಗು? ತೋರ್ಸಿ, ಎಲ್ಲಿ?"

ಮಾಸ್ಟರು ಸ್ಟೂಲಿನ ಸಮೇತ ಹಿಂದೆ ಸರಿದಿದ್ದರು. "ತಪ್ಪಾಯ್ತು ತಾಯೀ. ನೀನು ತಿರುಗಿ ನೋಡಿದೆಯಲ್ಲ, ಆ ಮುಖ ನೋಡಿ ನಂಗೆ ಉಚ್ಚೆ ಬಂದಂಗಾಯ್ತು." ಪಕ್ಕದಲ್ಲಿದ್ದ ಮೀಸೆ ಇದನ್ನು ಊರಿಗೆಲ್ಲ ಹೇಳಿಕೊಂಡು ಬಂದ. ಅಂದಿನಿಂದ ಯಾರೂ ನನಗೆ ಸುಳ್ಳು ಸೀಟಿ ಊದಿಲ್ಲ.

ಕಸುಬು ಮೈಗೆ ಹತ್ತಿದ್ದು ಎಷ್ಟೆಂದು ನನಗೆ ಗೊತ್ತಾದದ್ದು ಮನೆಯ ಫೋಟೋಗಳಲ್ಲಿ. ನಾದಿನಿಯ ಮದುವೆಯಲ್ಲಿ ಇಪ್ಪತ್ತು ಜನರ ಮುಖ, ಒಂದು ತುರುಬು. ಮಗಳ ಶಾಲೆಯ ವಾರ್ಷಿಕೋತ್ಸವದಲ್ಲಿ ಅವಳು ಬಹುಮಾನದ ಕಪ್ಪು ಹಿಡಿದು ನಗುತ್ತಿದ್ದಾಳೆ, ಅವಳ ಹಿಂದೆ ಯಾರದೋ ಬೆನ್ನು. "ನಿನ್ನ ಹಿಂದಲೆ ಚೆನ್ನಾಗಿ ಬಂದಿದೆ" ಎಂದು ಗಂಡ ಸಮಾಧಾನ ಹೇಳುತ್ತಿದ್ದ. ಪ್ರತಿಸಲ ಯಾರೋ ಕರೆದರು, ಅದಕ್ಕೆ ತಿರುಗಿದೆ ಎಂದುಕೊಳ್ಳುತ್ತಿದ್ದೆ. ಇಪ್ಪತ್ತೆರಡು ವರ್ಷ ಸರಿಯಾಗಿ ಅದೇ ಕ್ಷಣಕ್ಕೆ ಯಾರು ಕರೆಯುತ್ತಿದ್ದರೋ!

ನಲವತ್ತಾರು ದಾಟಿದಾಗ ಬಲಮೊಣಕಾಲು ಮಾತಾಡಲು ಶುರುಮಾಡಿತು. ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು, "ನೀವೇನು ಕೆಲಸ ಮಾಡೋದು?" ಎಂದರು. "ಬೀಳೋದು" ಎಂದೆ. "ನಿಲ್ಲಿಸಿ" ಎಂದರು. ಈ ವರ್ಷದ ಕೊನೆಗೆ ನಿಲ್ಲಿಸುವುದೆಂದು ಮನೆಯಲ್ಲಿ ತೀರ್ಮಾನವಾಯಿತು.

ಆಗ ಬಂದವನು ಒಬ್ಬ ನಿರ್ದೇಶಕ. ಮೂವತ್ತರ ಆಸುಪಾಸು, ಎರಡನೆಯ ಸಿನಿಮಾ, ನಿದ್ದೆಯಿಲ್ಲದ ಕಣ್ಣು. ನಮ್ಮ ಅಡುಗೆಮನೆಯ ಸ್ಟೂಲಿನ ಮೇಲೆ ಕೂತು ಕಥೆ ಹೇಳಿದ. ಒಬ್ಬ ತಾಯಿ. ಮಗಳೇ ಅವಳನ್ನು ಮೆಟ್ಟಿಲಿನಿಂದ ತಳ್ಳುತ್ತಾಳೆ.

"ಮೇಲಿನ ಮೆಟ್ಟಿಲಿಂದ ಕೆಳಗಿನ ತನಕ ಒಂದೇ ಶಾಟ್ ಅಕ್ಕಾ, ಮಧ್ಯ ಕಟ್ ಇಲ್ಲ. ಬೀಳ್ತಿರುವಾಗ ತಾಯಿ ಮುಖ ಕಾಣಬೇಕು. ನನ್ನ ಮಗಳೇ ತಳ್ಳಿದಳು ಅಂತ ಅವಳಿಗೆ ಗೊತ್ತಾಗೋದು ಬೀಳ್ತಾ ಇರುವಾಗಲೇ. ನಟಿಯರಿಗೆ ಬೀಳೋಕೆ ಬರಲ್ಲ, ಬೀಳೋರಿಗೆ ನಟನೆ ಬರಲ್ಲ. ನಿಮಗೆ ಎರಡೂ ಬರುತ್ತೆ ಅಂತ ಮಾಸ್ಟರ್ ಹೇಳಿದ್ರು."

"ಮಗಳು ಯಾರು?"

"ಮೇಡಂ."

ಮೇಡಂ ನನಗಿಂತ ಎರಡು ವರ್ಷ ದೊಡ್ಡವರು. ನನ್ನ ಗಂಡ ಟೀ ನೆತ್ತಿಗೇರಿ ಕೆಮ್ಮಿದ. ನಾನು ಗಂಭೀರವಾಗಿ, "ಮಗು ದೊಡ್ಡದಾಗಿದೆ, ಪರವಾಗಿಲ್ಲ, ಸಾಕ್ಕೋತೀನಿ" ಎಂದೆ.

ಅತ್ತೆ ಕೇಳಿದ್ದು ಒಂದೇ: "ಮುಖ ಕಾಣುತ್ತಾ?" ಕಾಣುತ್ತದೆ ಎಂದಾಗ, ಮಂಡಿನೋವೆಂದು ಬಾಗಿಲಾಚೆ ಕಾಲಿಡದ ಹೆಂಗಸು ಹತ್ತೊಂಬತ್ತು ಮೆಟ್ಟಿಲು ಹತ್ತಿ ಹೋಗಿ ಟೀಚರ ಬಾಗಿಲು ಬಡಿದರು.

ಅತ್ತೆಗೆ ಟೀಚರನ್ನು ಸೋಲಿಸಬೇಕಿತ್ತು. ನನಗೆ ಬೇಕಿದ್ದದ್ದು ಬೇರೆ, ಅದನ್ನು ಯಾರಿಗೂ ಹೇಳಿರಲಿಲ್ಲ. ಕಾಲು ಕೈಕೊಡುವ ಮೊದಲು ಒಂದು ಸಲ, ಒಂದೇ ಸಲ, ಬೀಳುವವಳೂ ಮುಖದವಳೂ ಒಬ್ಬಳೇ ಆಗಬೇಕು. ಆ ಹೆಂಗಸಿನ ಮೂರು ತುಂಡೂ ನಾನೇ ಆಗಬೇಕು.

ಮಾತಿನ ದೃಶ್ಯಗಳು ಎರಡು ದಿನದಲ್ಲಿ ಮುಗಿದವು. ಒಂದು ಕಡೆ ನನ್ನ ಅಳು ನೋಡಿ ಲೈಟಿನವರು ಮೂಗೊರೆಸಿಕೊಂಡರು. "ಅಯ್ಯೋ, ಬೆಂಕಿ" ಕಾಲದಿಂದ ಒಳಗೆ ಕೊಳೆಯುತ್ತಿದ್ದ ಅಳು ಅದು, ಚೆನ್ನಾಗಿ ಹದಕ್ಕೆ ಬಂದಿತ್ತು. ಮೂರನೆಯ ದಿನ ಮೆಟ್ಟಿಲು.

ಮುಚ್ಚಿಹೋದ ಬ್ಯಾಂಕಿನ ಕಟ್ಟಡ. ಹದಿನಾಲ್ಕು ಮೆಟ್ಟಿಲು, ಬೂದುಬಣ್ಣದ ಕಲ್ಲು. ಕೊನೆಯ ಮೂರಕ್ಕೆ ಮಾತ್ರ ರಬ್ಬರು ಹೊದಿಸಿ ಕಲ್ಲಿನ ಬಣ್ಣ ಬಳಿದಿದ್ದರು. ಕಂದು ಗೌನಿನ ಒಳಗೆ ಮೊಣಕೈಗೆ, ಸೊಂಟಕ್ಕೆ, ಬೆನ್ನಿಗೆ ಪ್ಯಾಡು. ಮೆಟ್ಟಿಲ ಬುಡದಲ್ಲಿ ಕ್ಯಾಮೆರಾ, ಮೆಟ್ಟಿಲ ತುದಿಯಲ್ಲಿ ನನ್ನ ಮಗಳು ಮೇಡಂ. ಮಧ್ಯಾಹ್ನ ಎರಡಕ್ಕೆ ಕಟ್ಟಡ ಬಿಟ್ಟುಕೊಡಬೇಕು.

"ಆ್ಯಕ್ಷನ್!"

ಮೇಡಂ ತಳ್ಳಿದರು, ನಾನು ಬಿದ್ದೆ. ಒಂದೊಂದು ಮೆಟ್ಟಿಲೂ ಲೆಕ್ಕಕ್ಕೆ ಸಿಕ್ಕಿತು. ಕೆಳಗೆ ಬಂದು ನಾಲ್ಕು ಎಣಿಸುವ ತನಕ ಹೆಣವಾಗಿ ಮಲಗಿದೆ. ಸ್ಟಂಟಿನವರೆಲ್ಲ ಚಪ್ಪಾಳೆ ಹೊಡೆದರು. ನಿರ್ದೇಶಕ ಮಾನಿಟರಿನ ಮುಂದೆ ಬಾಯಿ ತೆರೆದು ಕೂತಿದ್ದ.

"ಅಕ್ಕಾ... ಮುಖ ಎಲ್ಲಿ?"

ಹೋಗಿ ನೋಡಿದೆ. ಕಂದು ಗೌನಿನ ಹೆಂಗಸೊಬ್ಬಳು ಎಷ್ಟು ಸೊಗಸಾಗಿ ಬೀಳುತ್ತಿದ್ದಳೆಂದರೆ ನನಗೇ ಹೆಮ್ಮೆಯಾಯಿತು. ಮುಖ ಮಾತ್ರ ಇರಲಿಲ್ಲ. ಗದ್ದ ಭುಜದಲ್ಲಿ, ಕೂದಲು ಕೆನ್ನೆಯ ಮೇಲೆ. ಸೇವೆ ಮಾಡಿಸಿಕೊಳ್ಳಲು ನಾಯಕಿಯೇ ಇಲ್ಲದ ಡ್ಯೂಪು.

"ಅಭ್ಯಾಸಬಲ," ಎಂದೆ. "ಇನ್ನೊಂದು ಸಲ."

ಎರಡನೆಯ ಸಲವೂ ಅದೇ. ಮೂರನೆಯ ಸಲ ದಾರಿಯುದ್ದಕ್ಕೂ "ಮುಖ, ಮುಖ" ಎಂದು ಜಪ ಮಾಡುತ್ತ ಬಿದ್ದೆ. ನಾಲ್ಕನೆಯ ಮೆಟ್ಟಿಲಿನ ತನಕ ಜಪ ನಡೆಯಿತು, ಐದರಿಂದ ಕುತ್ತಿಗೆ ತನ್ನ ಪಾಡಿಗೆ ತಾನು ತಿರುಗಿತು. ಹಳೆಯ ಕುದುರೆ ಮನೆದಾರಿ ಹಿಡಿದ ಹಾಗೆ.

ಮಾಸ್ಟರು ಎದ್ದು ಬಂದರು. ಎಪ್ಪತ್ತಾಗಿದೆ, ಸೀಟಿ ಈಗಲೂ ಕುತ್ತಿಗೆಯಲ್ಲಿದೆ, ಈಗ ಅದನ್ನು ಟೀ ತರಿಸಲು ಊದುತ್ತಾರೆ. "ಆರು ಸಲಕ್ಕಿಂತ ಹೆಚ್ಚು ನಾನು ಬೀಳಿಸಲ್ಲ. ಕಲ್ಲು ಕಲ್ಲೇ. ಮೂರಾಯ್ತು, ಇನ್ನು ಮೂರು."

ನಿರ್ದೇಶಕ ಉಗುರು ಕಚ್ಚಿದ. "ಆರರಲ್ಲೂ ಬರದಿದ್ರೆ ಬೇರೆ ದಾರಿ ಇಲ್ಲ ಅಕ್ಕಾ. ಡ್ಯೂಪ್ ಹಾಕ್ತೀನಿ. ನಿಮ್ಮ ಮುಖಾನ ಹಾಸಿಗೆ ಮೇಲೆ ಮಲಗಿಸಿ ಕ್ಲೋಸಪ್ ತಗೊಂಡು ನಡುವೆ ಸೇರಿಸ್ತೀನಿ."

"ಯಾರಿಗೆ ಡ್ಯೂಪು?" ಎಂದೆ. ನಿಜಕ್ಕೂ ಅರ್ಥವಾಗಿರಲಿಲ್ಲ.

"ನಿಮಗೆ."

ಎಲ್ಲಿಂದಲೋ ಒಂದು ನಗು ಚಿಮ್ಮಿತು, ಅದು ನನ್ನದೇ. ಇಪ್ಪತ್ತೆರಡು ವರ್ಷ ಬಿದ್ದು ಬಿದ್ದು ಗಳಿಸಿದ್ದು ಇದು: ಹಾಸಿಗೆ ಮೇಲೆ ಮಲಗಿ ನರಳುವ ಯೋಗ.

ಆ ದಿನ ಸೆಟ್ಟಿನಲ್ಲಿ ನನ್ನ ಎತ್ತರದವನು ಒಬ್ಬನೇ ಇದ್ದ. ಹೊಟ್ಟೆಯ ವಿಷಯ ಬಿಟ್ಟರೆ ಹಿಂದಿನಿಂದ ನಡೆದೀತು. ಎಲ್ಲರೂ ಅವನ ಕಡೆ ತಿರುಗಿದರು. ಮೀಸೆ ಎರಡೂ ಕೈಯಲ್ಲಿ ಮೀಸೆ ಮುಚ್ಚಿಕೊಂಡ.

"ಆಗಲ್ಲ! ನಾನು ಹಿಂದಿನಿಂದ ತಾನೆ ಬೀಳೋದು? ಮೀಸೆ ಯಾಕೆ ತೆಗೀಬೇಕು?"

ಮೇಕಪ್ಪಿನವನು ರೇಜರು ಹುಡುಕುತ್ತ ಹೇಳಿದ, "ಬ್ರಷ್ಷಿನಂಥ ಕಾಲು ಒಂದು ಸಲ ಕಂಡಿದ್ದು ಸಾಕು ಗುರುವೇ."

ಮೀಸೆ ನನ್ನ ಬಳಿ ಓಡಿಬಂದ. "ಅಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ."

"ಬೀಳೋದು ಇಲ್ಲಿ ಎಲ್ಲರಿಗೂ ಬರುತ್ತೆ ಕಣೋ. ಬೇರೆ ಏನಾದ್ರೂ ಹೇಳು."

"ನನ್ನ ಹೆಂಡತಿ ಮೀಸೆ ಇಲ್ಲದ ನನ್ನ ಮುಖ ನೋಡೇ ಇಲ್ಲ ಅಕ್ಕಾ. ನೋಡಿದ್ರೆ ಮದುವೇನೇ ಆಗ್ತಿರ್ಲಿಲ್ಲ. ಒಂದು ಸಲ ಮುಖ ತೋರ್ಸಿಬಿಡು. ಅಷ್ಟು ಕಷ್ಟಾನಾ? ಸಂತೇಲಿ ಎಲ್ಲರಿಗೂ ತೋರ್ಸ್ತೀಯಲ್ಲ!"

ಸಂತೆಯಲ್ಲಿ ನಾನು ಬೀಳುವುದಿಲ್ಲ ಎಂದು ಅವನಿಗೆ ಹೇಳಲಿಲ್ಲ.

ಮೇಡಂ ಗೌನು ಎತ್ತಿ ಹಿಡಿದು ಇಳಿದು ಬಂದರು. ಮುಖದ ವಿಷಯದಲ್ಲಿ ಅವರು ಪಂಡಿತರು. ನಿದ್ದೆಯಲ್ಲೂ ಅವರ ಮುಖ ಬೆಳಕಿರುವ ಕಡೆಗೇ ಹೊರಳುತ್ತದೆ, ನಾನು ರೈಲಿನಲ್ಲಿ ನೋಡಿದ್ದೇನೆ. "ನೋಡೇ, ಕ್ಯಾಮೆರಾ ಏನು ಗಂಡ ಅಲ್ಲ, ಮುಖ ತಿರುಗಿಸ್ಕೊಂಡು ಮಲಗೋಕೆ. ಪಕ್ಕದ್ಮನೆಯವನು ಅಂದ್ಕೋ. ನೋಡಿಯೂ ನೋಡದ ಹಾಗೆ ಒಂದು ನೋಟ ಇಡು."

"ನೀವೂ ಒಂದು ಸಹಾಯ ಮಾಡಿ ಮೇಡಂ. ಸ್ವಲ್ಪ ಜೋರಾಗಿ ತಳ್ಳಿ. ನೊಣ ಓಡಿಸಿದ ಹಾಗಿದೆ."

"ನೋವಾಗುತ್ತೇನೋ ಅಂತ..."

"ಹದಿನಾಲ್ಕು ಮೆಟ್ಟಿಲು ಉರುಳ್ತೀನಿ. ನೀವು ತಳ್ಳಿದ್ದರಿಂದ ನೋವಾಗುತ್ತಾ?"

ನಾಲ್ಕನೆಯ ಸಲ ಪಕ್ಕದ ಮನೆಯವನನ್ನು ನೆನೆದೆ. ನಮ್ಮ ಪಕ್ಕದ ಮನೆಯವನು ಬೆಳಗಾಗೆದ್ದು ಕಿಟಕಿಯಲ್ಲಿ ನಿಂತು ಕ್ಯಾಕರಿಸುವವನು. ಮುಖ ಮಾಮೂಲಿಗಿಂತ ಬೇಗ ತಿರುಗಿತು.

ಐದನೆಯ ಸಲ ಹಟಕ್ಕೆ ಬಿದ್ದೆ. ಲೆನ್ಸಿನ ಕಪ್ಪು ಗಾಜಿಗೆ ಕಣ್ಣು ನೆಟ್ಟೆ, ಹಲ್ಲು ಕಚ್ಚಿ ಕುತ್ತಿಗೆಯನ್ನು ಹಿಡಿದಿಟ್ಟೆ, ಆ ನೋಟವನ್ನು ಹದಿನಾಲ್ಕು ಮೆಟ್ಟಿಲೂ ಬಿಡಲಿಲ್ಲ. ಕೆಳಗೆ ತಲುಪಿದಾಗ ಗೆದ್ದೆ ಎನಿಸಿತು. ಯಾರೂ ಚಪ್ಪಾಳೆ ಹೊಡೆಯಲಿಲ್ಲ. ನಿರ್ದೇಶಕ ಕಣ್ಣುಜ್ಜಿಕೊಂಡ.

"ಅಕ್ಕಾ, ಬೇಜಾರು ಮಾಡ್ಕೋಬೇಡಿ. ಮಗಳು ತಳ್ಳಿದಾಳೆ. ನೀವು ಸಾಯ್ತಿದೀರ. ಇದು... ಬಸ್ಸಿಗೆ ಕಾಯ್ತಿರೋರ ಮುಖ."

ಮಾನಿಟರಿನಲ್ಲಿ ನೋಡಿದೆ. ಹೌದು. ಮೈ ಕಲ್ಲಿನಿಂದ ಕಲ್ಲಿಗೆ ಬಡಿಯುತ್ತಿದೆ, ಮುಖ ಇಪ್ಪತ್ತೇಳನೆಯ ನಂಬರಿನ ಬಸ್ಸು ಇನ್ನೂ ಯಾಕೆ ಬರಲಿಲ್ಲ ಎಂದು ಯೋಚಿಸುತ್ತಿದೆ. ಬೀಳುವಾಗ ನಾನು ನಿಜಕ್ಕೂ ಯೋಚಿಸುತ್ತಿದ್ದದ್ದು ಏನೆಂದು ನೆನಪಾಯಿತು. ಎಂಟನೆಯ ಮೆಟ್ಟಿಲಿಗೆ ಉಸಿರು ಬಿಡು. ಮೊಣಕೈ ಒಳಗೆ. ಬೆಳಗ್ಗೆ ಹಾಲಿನ ಪಾತ್ರೆ ಕೆಳಗಿಟ್ಟೆನೋ ಇಲ್ಲವೋ. ಸೊಂಟ ಸಡಿಲ ಬಿಡು.

ನನ್ನ ಬೀಳುವ ಮುಖವನ್ನು ನಾನು ನೋಡಿದ್ದು ಅದೇ ಮೊದಲು. ಕೂದಲಿನ ಹಿಂದೆ ಏನೋ ಒಂದು ದೊಡ್ಡದು ಅಡಗಿದೆ, ಜನರಿಗೆ ಕಾಣದೆ ಹೋಗುತ್ತಿದೆ ಎಂದು ಇಷ್ಟು ವರ್ಷ ಒಳಗೊಳಗೇ ಮರುಗಿದ್ದೆ. ಅಡಗಿದ್ದದ್ದು ಹಾಲಿನ ಪಾತ್ರೆ. ಮಾಸ್ಟರು ಭುಜ ತಟ್ಟಿ, "ಭಯ ಪೂರ್ತಿ ಹೋಗಿದೆ ಕಣಮ್ಮಾ ನಿಂಗೆ. ಇದು ದೊಡ್ಡ ವಿದ್ಯೆ" ಎಂದರು. ದೊಡ್ಡ ವಿದ್ಯೆಯೇ. ಭಯ ಕಳೆಯಲು ಇಪ್ಪತ್ತೆರಡು ವರ್ಷ ಹಿಡಿಯಿತು, ಈಗ ಅದನ್ನು ಮಧ್ಯಾಹ್ನ ಎರಡರೊಳಗೆ ವಾಪಸು ತರಬೇಕಿತ್ತು.

ಕೊನೆಯ ಸಲಕ್ಕೆ ಮೊದಲು ಮೇಲಿನ ಮೆಟ್ಟಿಲಿನಲ್ಲಿ ಕೂತು ಮೊಣಕಾಲಿಗೆ ಮಂಜುಗಡ್ಡೆ ಒತ್ತಿಕೊಂಡೆ. ಕೆಳಗೆ ಕ್ಯಾಮೆರಾದ ಪಕ್ಕದಲ್ಲಿ ಮೀಸೆಯನ್ನು ನನ್ನ ಎರಡನೆಯ ಗೌನಿನೊಳಗೆ ತುರುಕಿ ಕೂರಿಸಿದ್ದರು. ಹೊಟ್ಟೆಯ ಹತ್ತಿರ ಹೊಲಿಗೆ ಬಾಯಿಬಿಟ್ಟಿತ್ತು. ಮೇಕಪ್ಪಿನವನು ಅವನ ಮೀಸೆಗೆ ಸೋಪಿನ ನೊರೆ ಹಚ್ಚುತ್ತಿದ್ದ. ಮೀಸೆ ಕಣ್ಣು ಮುಚ್ಚಿಕೊಂಡಿದ್ದ.

ಮೇಡಂ ಪಕ್ಕಕ್ಕೆ ಬಂದು ಕೂತರು. "ಆ ಸೇತುವೆ ಸಿನಿಮಾ ಇದೆಯಲ್ಲ," ಎಂದರು. "ಎಲ್ಲಿ ಹೋದ್ರೂ ಜನ ಅದನ್ನೇ ಕೇಳ್ತಾರೆ. ಭಯ ಆಗ್ಲಿಲ್ವಾ ಮೇಡಂ ಅಂತ. ಮೊದಲು ನಗ್ತಾ ಇದ್ದೆ. ಆಮೇಲೆ ಸ್ವಲ್ಪ ಆಯ್ತು ಅನ್ನೋಕೆ ಶುರುಮಾಡಿದೆ. ಈಗ ನಾನೇ ಹಾರಿದ್ದು ಅನ್ಸುತ್ತೆ ಕಣೇ. ನೀರು ತಣ್ಣಗಿತ್ತು ಅಂತ ನೆನಪಿದೆ."

"ನೀರು ಗಬ್ಬು ನಾರ್ತಿತ್ತು ಮೇಡಂ."

"ಹೌದಾ?" ಅವರು ನಿಜಕ್ಕೂ ಬೇಸರ ಮಾಡಿಕೊಂಡರು. ಆಮೇಲೆ ನನ್ನ ಕೆನ್ನೆಯ ಮೇಲಿನ ಕೂದಲನ್ನು ಬೆರಳಿನಿಂದ ಹಿಂದೆ ಸರಿಸಿದರು. "ಇವತ್ತು ಬಿಟ್ಟುಕೊಡಬೇಡ. ನಂಗೆ ಅಭ್ಯಾಸ ಆಗಿದೆ, ಇನ್ನೊಬ್ಬರು ಬಿದ್ದಿದ್ದನ್ನ ನಂದು ಅಂತ ಇಟ್ಕೊಂಡು ಬದುಕೋದು. ನಿಂಗೆ ಆಗಲ್ಲ."

"ಆ್ಯಕ್ಷನ್!"

ಈ ಸಲ ಮೇಡಂ ನಿಜವಾಗಿ ತಳ್ಳಿದರು. ಎರಡೂ ಅಂಗೈ ಬೆನ್ನಿಗೆ ಕೊಟ್ಟು, ಇಪ್ಪತ್ತೆರಡು ವರ್ಷದ ಬಾಕಿಯನ್ನೆಲ್ಲ ಸೇರಿಸಿ. ನಾನು ಲೆನ್ಸನ್ನು ನೋಡಬೇಕೆಂದುಕೊಂಡಿದ್ದೆ, ಭಯ ತರಿಸಿಕೊಳ್ಳಬೇಕೆಂದುಕೊಂಡಿದ್ದೆ. ಇನ್ನೂ ಏನೇನೋ ಇತ್ತು. ಆ ನೂಕಿಗೆ ಎಲ್ಲವೂ ಉದುರಿಹೋಗಿ ಮೈ ಒಂದೇ ಉಳಿಯಿತು. ಮೈ ತನಗೆ ಗೊತ್ತಿದ್ದದ್ದನ್ನು ಮಾಡಿತು. ಗದ್ದ ಭುಜಕ್ಕೆ, ಕೂದಲು ಕೆನ್ನೆಗೆ. ಆರನೆಯ ಮೆಟ್ಟಿಲು, ಏಳು, ಎಂಟಕ್ಕೆ ಉಸಿರು. ಸೋತೆನೆಂದು ಗೊತ್ತಾಯಿತು. ಅದರ ಜೊತೆಗೇ, ನಾಚಿಕೆ ಬಿಟ್ಟು ಹೇಳುತ್ತೇನೆ, ಇಷ್ಟು ಚೆನ್ನಾಗಿ ನಾನು ಎಂದೂ ಬಿದ್ದಿಲ್ಲವೆಂದೂ ಗೊತ್ತಾಯಿತು. ಮೂಗಿನ ಹೊಳ್ಳೆಯಷ್ಟೂ ಕಾಣುತ್ತಿರಲಿಲ್ಲ.

ಆಗ ಸೀಟಿ ಕೂಗಿತು.

ಉದ್ದಕ್ಕೆ, ಕರ್ಕಶವಾಗಿ, ಕ್ಯಾಮೆರಾದ ಪಕ್ಕದಿಂದ. ಸುಳ್ಳು ಸೀಟಿ!

ಒಂಬತ್ತನೆಯ ಮೆಟ್ಟಿಲಿನಲ್ಲಿ ನಾನು ತಿರುಗಿದೆ. ಕೂದಲು ಹಾರಿತು. ಇಪ್ಪತ್ತೆರಡು ವರ್ಷದಲ್ಲಿ ಒಂದು ದಿನವೂ ತಪ್ಪದವಳಿಗೆ, ನಿಯಮವನ್ನು ಮೂಳೆಗಿಳಿಸಿಕೊಂಡವಳಿಗೆ, ನನ್ನವರೇ, ನನ್ನ ಜೊತೆ ಉಂಡವರೇ, ನಾನು ಬೀಳುತ್ತಿರುವಾಗಲೇ ಹೀಗೆ ಮಾಡುವುದೇ? ಹತ್ತು, ಹನ್ನೊಂದು, ಹನ್ನೆರಡು. ಯಾರು ಊದಿದ್ದೆಂದು ಹುಡುಕುತ್ತಲೇ ಇದ್ದೆ. ಹದಿಮೂರು. ಹದಿನಾಲ್ಕು.

ಕಸುಬು ದೊಡ್ಡದು. ಒಳಗೆ ಕುದಿಯುತ್ತಿದ್ದರೂ ನಾಲ್ಕು ಎಣಿಸುವ ತನಕ ಹೆಣವಾಗಿಯೇ ಇದ್ದೆ.

"ಕಟ್!"

ಹೆಣ ಎದ್ದಿತು. "ಯಾವನೋ ಅವನು? ಎಲ್ಲಿ ಕಾಣಿಸ್ತು ನನ್ನ ಮೂಗು? ಬಾ, ತೋರ್ಸು!"

ಮೀಸೆ ಕಂದು ಗೌನಿನಲ್ಲಿ ಎದ್ದುನಿಂತಿದ್ದ. ಬಾಯಲ್ಲಿ ಸೀಟಿ, ಸೀಟಿಯ ದಾರದ ಇನ್ನೊಂದು ತುದಿಯಲ್ಲಿ ಮಾಸ್ಟರ ಕುತ್ತಿಗೆ. ಎಳೆದ ರಭಸಕ್ಕೆ ಮಾಸ್ಟರು ಅವನ ಎದೆಗೆ ಒರಗಿಕೊಂಡಿದ್ದರು. ಸೀಟಿಯ ತೂತಿನಿಂದ ಸೋಪಿನ ಗುಳ್ಳೆಗಳು ಒಂದೊಂದಾಗಿ ಹೊರಬಂದು ಮೇಲೇರುತ್ತಿದ್ದವು.

"ತಪ್ಪಾಯ್ತು ಅಕ್ಕಾ," ಎಂದ ಮೀಸೆ. "ಸುಳ್ಳು ಸೀಟಿ ಊದಿದ್ರೆ ನೀನು ತಿರುಗೇ ತಿರುಗ್ತೀಯ ಅಂತ ನಂಗೊತ್ತಿತ್ತು. ರೇಜರ್ ಇಲ್ಲೀ ತನಕ ಬಂದಿತ್ತು, ನೋಡು."

ನಿರ್ದೇಶಕ ಮಾನಿಟರನ್ನು ನನ್ನ ಕಡೆ ತಿರುಗಿಸಿದ. ಧ್ವನಿಯನ್ನು ಆಮೇಲೆ ಸೇರಿಸುವುದರಿಂದ ಸೀಟಿಯ ತಂಟೆ ಇರಲಿಲ್ಲ, ಚಿತ್ರ ಮಾತ್ರ ಇತ್ತು. ಒಬ್ಬ ಹೆಂಗಸು ತನ್ನಷ್ಟಕ್ಕೆ ಬೀಳುತ್ತಿದ್ದಾಳೆ. ನಡುದಾರಿಯಲ್ಲಿ ಏನೋ ಹೊಳೆದವಳಂತೆ ತಿರುಗುತ್ತಾಳೆ. ಆ ಮುಖ ನೋಡಿ ನನಗೇ ಒಂದು ಹೆಜ್ಜೆ ಹಿಂದೆ ಸರಿಯಬೇಕೆನಿಸಿತು. ನಂಬಿದವರು ಕೈಬಿಟ್ಟಾಗ ಬರುವ ಮುಖ ಅದು. ಭಯ ಅದರಲ್ಲಿ ಚೂರೂ ಇರಲಿಲ್ಲ, ಬೇಕಾಗಿಯೂ ಇರಲಿಲ್ಲ.

"ಮಗಳು ತಳ್ಳಿದಳು ಅಂತ ಗೊತ್ತಾಯ್ತು," ಎಂದ ನಿರ್ದೇಶಕ. "ನಿಖರವಾಗಿ ಇಲ್ಲೇ ಗೊತ್ತಾಯ್ತು."

ಮೇಡಂ ನನ್ನ ಹಿಂದೆ ನಿಂತು ಮೂರು ಸಲ ನೋಡಿದರು. "ಅಮ್ಮಾ," ಎಂದರು ಕೊನೆಗೆ, "ನನ್ನ ಮೇಲೆ ಯಾವತ್ತೂ ಹೀಗೆ ಸಿಟ್ಟು ಮಾಡ್ಕೋಬೇಡ."

ಮೀಸೆ ನೊರೆ ಒರೆಸಿಕೊಂಡು, ಗೌನಿನಲ್ಲೇ ಹೆಂಡತಿಗೆ ಫೋನು ಮಾಡಲು ಹೊರಗೆ ಹೋದ.

ಸಿನಿಮಾ ಬಂದಾಗ ಮನೆಮಂದಿಯೆಲ್ಲ ಹೊರಟೆವು. ಅತ್ತೆ ತಮ್ಮ ಖರ್ಚಿನಲ್ಲಿ ಟೀಚರನ್ನೂ ಕರೆತಂದರು, ಪಕ್ಕದಲ್ಲೇ ಕೂರಿಸಿಕೊಂಡರು, ಅವರು ಕಣ್ಣು ಮಿಟುಕಿಸದ ಹಾಗೆ ಕಾದರು. ಮೆಟ್ಟಿಲು ಬಂತು. ನನ್ನ ಮುಖ ಗೋಡೆಯಷ್ಟು ದೊಡ್ಡದಾಗಿ ಥಿಯೇಟರಿನ ಕಡೆಗೆ ತಿರುಗಿತು. ಹಿಂದಿನ ಸಾಲಿನಲ್ಲಿ ಯಾರೋ ಉಸಿರೆಳೆದುಕೊಂಡರು. ಪತ್ರಿಕೆಯೊಂದು ಆಗಲೇ ಅದನ್ನು ತಾಯ್ತನದ ತಳಮಳವೆಂದು ಬರೆದಿತ್ತು.

ಕತ್ತಲಲ್ಲಿ ಅತ್ತೆಯ ದನಿ ಸ್ಪಷ್ಟವಾಗಿ ಕೇಳಿಸಿತು. "ಇದಾ? ಇದನ್ನ ನಾನು ದಿನಾ ನೋಡ್ತೀನಲ್ಲ! ಅವಳು ಉಪ್ಪು ಹಾಕಿದ್ಮೇಲೆ ನಾನೂ ಒಂದು ಚಿಟಿಕೆ ಹಾಕಿದ್ರೆ ಇದೇ ಮುಖ."

"ಇದೇ," ಎಂದ ನನ್ನ ಗಂಡ.

ಹೊರಗೆ ಬಂದೆವು. ಥಿಯೇಟರಿನ ಮುಂದೆ ಅಗಲವಾದ ಮೆಟ್ಟಿಲು, ಜನ ಇಳಿದು ಹೋಗಿ ಖಾಲಿಯಾಗುತ್ತಿತ್ತು. ಇಬ್ಬರು ಹುಡುಗಿಯರು ನನ್ನನ್ನು ಗುರುತಿಸಿ ಫೋನೆತ್ತಿ ಫೋಟೋ ತೆಗೆದರು. ಕುತ್ತಿಗೆ ತಿರುಗಲು ಹೊರಟಿತು, ಹಿಡಿದು ನಿಲ್ಲಿಸಿದೆ.

ಅತ್ತೆ ಟೀಚರ ಕಡೆ ತಿರುಗಿ ಸೊಂಟದ ಮೇಲೆ ಕೈ ಇಟ್ಟರು. "ಏನ್ ಟೀಚರ್? ಮುಖ ನೋಡಿದ್ರಲ್ಲ? ಈಗ ಒಪ್ತೀರಾ?"

ಟೀಚರು ಕನ್ನಡಕ ತೆಗೆದು ಒರೆಸಿದರು. ನನ್ನನ್ನು ನೋಡಿದರು, ನನ್ನ ಸೊಟ್ಟ ಮೊಣಕಾಲನ್ನು ನೋಡಿದರು.

"ಮುಖ ನಿಮ್ಮ ಸೊಸೇದೇ. ಒಪ್ಪಿದೆ," ಎಂದರು. "ಆದ್ರೆ ಬಿದ್ದಿದ್ದು ಇವರಲ್ಲ. ಈ ವಯಸ್ಸಲ್ಲಿ ಆ ಥರ ಬೀಳೋಕಾಗುತ್ತಾ? ಯಾರನ್ನೋ ಡ್ಯೂಪ್ ಹಾಕಿರ್ತಾರೆ."

ನಾನು ಮೆಟ್ಟಿಲುಗಳನ್ನು ನೋಡಿದೆ. ಹನ್ನೊಂದಿದ್ದವು. ಅಂಚು ಸವೆದು ನುಣುಪಾಗಿತ್ತು, ಕೆಳಗೆ ಸಮತಟ್ಟಾದ ಜಾಗವೂ ಇತ್ತು.

ಗಂಡ ನನ್ನ ಮುಖ ನೋಡಿದವನೇ, "ಬೇಡ ಕಣೇ, ಡಾಕ್ಟರು ಏನಂದಿದಾರೆ?" ಎಂದ.

ನಾನು ಚಪ್ಪಲಿ ಬಿಟ್ಟು, ಕೈಚೀಲವನ್ನು ಅತ್ತೆಯ ಕೈಗೆ ಕೊಟ್ಟೆ. ಅತ್ತೆ ಅದನ್ನು ಎದೆಗವುಚಿಕೊಂಡರು.

"ಟೀಚರ್," ಎಂದರು, "ಒಂಚೂರು ಈ ಕಡೆ ಬನ್ನಿ. ಅಲ್ಲಿ ನಿಂತ್ರೆ ಮುಖ ಕಾಣಲ್ಲ."